ಗುಡ್ಡಕ್ಕೆಂದು ನಾನೇ ಹೊಲಿದ ಪ್ಯಾಂಟು

ಎತ್ತಿನಭುಜ ಗುಡ್ಡದ ಕೊನೆಯ ಬಂಡೆ ಹತ್ತುವಾಗ ನನ್ನ ಪ್ಯಾಂಟು ಕಾಲಸಂದಿಯಲ್ಲಿ ಪರ್ರನೆ ಹರಿಯಿತು. ಜೊತೆಗಿದ್ದವರು ಏಳು ಜನ, ಅವರಲ್ಲಿ ನಾಲ್ವರು ಗಂಡಸರು. ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಬೈರಾಪುರದ ತನಕ ಇಳಿದು ಬಂದೆ. ಚಿಕ್ಕಮಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಬೇರೆಯವರ ರವಿಕೆ, ಮಕ್ಕಳ ಯೂನಿಫಾರಂ ಹೊಲಿದು ಬದುಕುತ್ತಿರುವವಳು ನಾನು. ನನ್ನ ಮಾನವೇ ಹೊಲಿಗೆ ಬಿಟ್ಟಿತಲ್ಲ ಅನ್ನುವ ಸಿಟ್ಟಿಗೆ, ಮನೆಗೆ ಬಂದವಳೇ ಆ ಪ್ಯಾಂಟನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ.

ಅದು ರೆಡಿಮೇಡ್. ಬಟ್ಟೆಗೆ ಏನೂ ಆಗಿರಲಿಲ್ಲ, ಹೊಲಿಗೆ ಮಾತ್ರ ಕಿತ್ತಿತ್ತು. ಪ್ಯಾಂಟಿನ ನಾಲ್ಕೂ ತುಂಡುಗಳು ಬಂದು ಸೇರುವ ಜಾಗ ಅದು. ನಿಂತಾಗ, ನಡೆಯುವಾಗ ಅಲ್ಲಿ ಎಳೆತವೇ ಇಲ್ಲ. ಮಂಡಿ ಸೊಂಟದ ಮಟ್ಟಕ್ಕೆ ಏರಿದರೆ ಎಲ್ಲ ಎಳೆತವೂ ಆ ಒಂದು ಚುಕ್ಕೆಯ ಮೇಲೆ. ನಾವು ದರ್ಜಿಗಳು ಅಳತೆ ತೆಗೆಯುವುದು ಹೇಗೆ? "ನೆಟ್ಟಗೆ ನಿಂತ್ಕೊಳ್ಳಿ, ಉಸಿರು ಬಿಡಿ." ಗುಡ್ಡವನ್ನು ಯಾರು ನೆಟ್ಟಗೆ ನಿಂತು ಹತ್ತುತ್ತಾರೆ!

ಬಟ್ಟೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಜೀನ್ಸ್ ನಮ್ಮ ಮಳೆಗೆ ಆಗದು, ಒಮ್ಮೆ ನೆಂದರೆ ಸಂಜೆಯವರೆಗೂ ಎರಡು ಕಾಲಿಗೆ ಎರಡು ಕೊಡ ನೀರು ಕಟ್ಟಿಕೊಂಡು ನಡೆದ ಹಾಗೆ. ಟ್ರೆಕ್ಕಿಂಗಿನವರು ಸಾಫ್ಟ್ ಶೆಲ್ ಅನ್ನುವ ಬಟ್ಟೆಯನ್ನು ಮಲೆನಾಡಿನವರಿಗೆ ವಿವರಿಸುವುದು ಸುಲಭ. ಮಳೆಗೆ ಬೆನ್ನ ಮೇಲೆ ಹೊದೆಯುವ ಎಲೆಯ ಗೊರಬಿನೊಳಗೆ ಹನಿ ನೀರೂ ಇಳಿಯುವುದಿಲ್ಲ, ಆದರೆ ಅದು ಬಗ್ಗುವುದಿಲ್ಲ. ಅದು ಹಾರ್ಡ್ ಶೆಲ್. ಕಂಬಳಿಕೊಪ್ಪೆ ಸೋನೆಮಳೆಯನ್ನು ಜಾರಿಸುತ್ತದೆ, ಗಾಳಿ ತಡೆಯುತ್ತದೆ, ಒಳಗಿನ ಬೆವರನ್ನು ಹೊರಗೆ ಬಿಡುತ್ತದೆ, ಜಡಿಮಳೆಗೆ ಮಾತ್ರ ಸೋಲುತ್ತದೆ. ಅದು ಸಾಫ್ಟ್ ಶೆಲ್. ಕಂಬಳಿಯ ಉಣ್ಣೆಯ ಬದಲು ಇಲ್ಲಿ ಒತ್ತಾಗಿ ನೇಯ್ದ ನೈಲಾನ್, ಜೊತೆಗೆ ಎಳೆದರೆ ಹಿಗ್ಗಲೆಂದು ಸ್ವಲ್ಪ ಸ್ಪ್ಯಾಂಡೆಕ್ಸ್, ಮೇಲೆ ನೀರು ಜಾರುವ ಲೇಪ. ಆಷಾಢದ ಮಳೆ ಒಂದು ಗಂಟೆ ಬಿಡದೆ ಹೊಯ್ದರೆ ನೆನೆಯುತ್ತದೆ, ಆದರೆ ನಡೆಯುತ್ತಿದ್ದರೆ ಮೈಮೇಲೇ ಒಣಗುತ್ತದೆ.

ನಮ್ಮೂರಲ್ಲಿ ಈ ಬಟ್ಟೆ ಸಿಗಲಿಲ್ಲ. ಬೆಂಗಳೂರಿಗೆ ಮದುವೆಗೆ ಹೋದಾಗ ಚಿಕ್ಕಪೇಟೆಯಲ್ಲಿ ಅರ್ಧ ದಿನ ಅಲೆದೆ. ಕೆಲವರು ತೋರಿಸಿದ್ದು ಒಳಗೆ ಜೂಲು ಜೂಲಾದ ಫ್ಲೀಸ್ ಅಂಟಿಸಿದ ದಪ್ಪ ಬಟ್ಟೆ. ಅದಕ್ಕೂ ಸಾಫ್ಟ್ ಶೆಲ್ ಅಂತಲೇ ಹೆಸರು, ಆದರೆ ಅದು ಹಿಮ ಬೀಳುವ ಊರಿನದು. ನಾನು ಮಾಡಿದ ಪರೀಕ್ಷೆ ಇಷ್ಟೆ: ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದುವುದು. ಉಸಿರು ಸ್ವಲ್ಪವೂ ದಾಟದಿದ್ದರೆ ಒಳಗೆ ಪ್ಲಾಸ್ಟಿಕ್ಕಿನಂಥ ಪದರ ಇದೆ ಎಂದರ್ಥ, ಬೆವರೂ ಸುಲಭವಾಗಿ ದಾಟುವುದಿಲ್ಲ. ಆಮೇಲೆ ಬಾಟಲಿಯ ಮುಚ್ಚಳದಿಂದ ನಾಲ್ಕು ಹನಿ ನೀರು. ಕೆಸುವಿನ ಎಲೆಯ ಮೇಲಿನಂತೆ ಉರುಳಬೇಕು. ಕೊನೆಗೆ ಅಡ್ಡಕ್ಕೂ ಉದ್ದಕ್ಕೂ ಎಳೆದು ಬಿಟ್ಟು ನೋಡುವುದು. ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿದ, ನೋಡಲಿ. 58 ಇಂಚು ಅಗಲ ಪನ್ನದ್ದು, ಮೀಟರಿಗೆ 420 ರೂಪಾಯಿ, ಎರಡು ಮೀಟರ್ ತಂದೆ. ಬೂದುಬಣ್ಣ. ಕಪ್ಪು ಬೇಡ, ಬಿಸಿಲಿಗೆ ಕಾಯುತ್ತದೆ, ಮೇಲೆ ಹತ್ತುವ ಉಣುಗು ಹುಳು ಕಣ್ಣಿಗೆ ಬೀಳುವುದಿಲ್ಲ.

ಅಳತೆಯನ್ನು ಈ ಸಲ ಮನೆಯ ಮೆಟ್ಟಿಲ ಮೇಲೆ ತೆಗೆದೆ. ಎಡಗಾಲು ನೆಲದ ಮೇಲೆ, ಬಲಗಾಲು ಮೂರನೇ ಮೆಟ್ಟಿಲಿಗೆ. ಟೇಪು ಹಿಡಿದವಳು ಮಗಳು, ನಗುತ್ತಲೇ ಹಿಡಿದಳು. ನಿಂತಾಗಿನ ಅಳತೆಗೂ ಇದಕ್ಕೂ ಎರಡು ಕಡೆ ದೊಡ್ಡ ವ್ಯತ್ಯಾಸ ಬಂತು. ಒಂದು, ಹಿಂಬದಿ ಸೊಂಟದಿಂದ ಕಾಲಸಂದಿಯವರೆಗೆ ಒಂದೂಕಾಲು ಇಂಚು ಹೆಚ್ಚು. ಬಗ್ಗಿದಾಗಲೆಲ್ಲ ಪ್ಯಾಂಟು ಹಿಂದಿನಿಂದ ಜಾರಿ ಬನಿಯನ್ ಕಾಣುವುದು ಈ ಒಂದೂಕಾಲು ಇಂಚಿಗಾಗಿ. ಇನ್ನೊಂದು ಮಂಡಿ. ಕಾಲು ಮಡಚಿದರೆ ಮಂಡಿಯ ಮುಂಭಾಗ ಉದ್ದವಾಗುತ್ತದೆ, ಹಿಂಭಾಗದಲ್ಲಿ ಬಟ್ಟೆ ಮುದ್ದೆಯಾಗುತ್ತದೆ. ಹಾಗಾಗಿ ಮುಂದಿನ ತುಂಡನ್ನು ಹಿಂದಿನದಕ್ಕಿಂತ ಒಂದೂವರೆ ಇಂಚು ಉದ್ದ ಕತ್ತರಿಸಿ, ಹೆಚ್ಚಾದ ಬಟ್ಟೆಯನ್ನು ಮಂಡಿಯ ಎರಡೂ ಪಕ್ಕ ಅರ್ಧರ್ಧ ಇಂಚಿನ ಮೂರು ಮೂರು ಡಾರ್ಟ್, ಅಂದರೆ ತುದಿ ಚೂಪಾದ ಮಡಿಕೆ, ಹಿಡಿದೆ. ರವಿಕೆಗೆ ಡಾರ್ಟ್ ಹಿಡಿಯುವ ಕೈಗೆ ಇದೇನು ಹೊಸತಲ್ಲ. ಬಟ್ಟೆ ಮಂಡಿಯ ಹತ್ತಿರ ಬಟ್ಟಲಿನ ಹಾಗೆ ಉಬ್ಬಿ ನಿಂತಿತು.

ಕಾಲಸಂದಿಗೆ ಏನು ಮಾಡಲಿ ಎಂದು ತೋಚದೆ, ಪೇಟೆಯಲ್ಲಿರುವ ನಮ್ಮ ಹಳೆಯ ಟೈಲರ್ ಭಾಯ್ ಹತ್ತಿರ ಹೋದೆ. ಬಟ್ಟೆ ಮುಟ್ಟಿ ನೋಡಿ, "ಅಕ್ಕಾ, ಇದು ಪ್ಯಾಂಟಿಂದಲ್ಲ, ಛತ್ರಿ ಬಟ್ಟೆ" ಅಂದರು. ಹರಿದ ಕತೆ ಹೇಳಿದ ಮೇಲೆ, "ಪೈಜಾಮಕ್ಕೆ ಮಿಯಾನಿ ಇಡ್ತೀವಲ್ಲ, ಇದಕ್ಕೂ ಇಡಿ. ಅದಿಲ್ದೆ ನಮಾಜಿಗೆ ಕೂರೋಕಾಗುತ್ತಾ?" ಅಂದರು. ಅಷ್ಟೇ ಬೇಕಾಗಿದ್ದದ್ದು. ಹೊರದೇಶದ ಪ್ಯಾಂಟುಗಳಲ್ಲಿ ಗಸೆಟ್ ಎಂದು ಹೆಸರು ಬರೆದು ಮಾರುವುದು ಇದನ್ನೇ. ಕಜ್ಜಾಯದಷ್ಟು ಬಟ್ಟೆ, ವಜ್ರದಾಕಾರ. ಅದನ್ನು ನಡುವೆ ಕೂರಿಸಿದರೆ ನಾಲ್ಕು ಹೊಲಿಗೆ ಒಂದೇ ಕಡೆ ಸೇರುವುದಿಲ್ಲ, ಎಳೆತ ಹಂಚಿಹೋಗುತ್ತದೆ. ಉದ್ದನೆಯ ತುದಿಗಳು ಒಳತೊಡೆಯ ಹೊಲಿಗೆಯ ಕಡೆ ಹೋಗಬೇಕು. ನಾನು ಮೊದಲು ಅಡ್ಡ ತಿರುಗಿಸಿಟ್ಟು ಹೊಲಿದು, ಪೂರ್ತಿ ಬಿಚ್ಚಿ ಮತ್ತೆ ಹೊಲಿದೆ. ಮೂಲೆಗಳಲ್ಲಿ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ನಿಲ್ಲಿಸಿ, ಮೆಷಿನ್ನಿನ ಪಾದ ಎತ್ತಿ ಬಟ್ಟೆ ತಿರುಗಿಸದಿದ್ದರೆ ಅಲ್ಲೊಂದು ಚಿಕ್ಕ ತೂತು ಉಳಿಯುತ್ತದೆ.

ಹೊಲಿಯುವಾಗ ಪಟ್ಟ ಪಾಡು ಬೇರೆಯೇ. ನನ್ನದು ಕಾಲಲ್ಲಿ ತುಳಿಯುವ ಹಳೆಯ ಉಷಾ, ನೇರ ಹೊಲಿಗೆ ಬಿಟ್ಟರೆ ಬೇರೆ ಬಾರದು. 16 ನಂಬರಿನ ಸೂಜಿಯಲ್ಲಿ ಶುರು ಮಾಡಿದರೆ ನಾಲ್ಕು ಹೊಲಿಗೆ ಬಿದ್ದರೆ ಎರಡು ಬಿಡುತ್ತಿತ್ತು. ಮೆಷಿನ್ ಕೆಟ್ಟಿತೆಂದು ಎಣ್ಣೆ ಬಿಟ್ಟೆ, ಬಾಬಿನ್ ಬದಲಿಸಿದೆ, ದೇವರಿಗೂ ಕೈಮುಗಿದೆ. ತಪ್ಪು ಸೂಜಿಯದು. ಹಿಗ್ಗುವ ಬಟ್ಟೆಗೆಂದೇ ಬರುವ 11 ನಂಬರಿನ ಸೂಜಿ ಹಾಕಿದ ಮೇಲೆ ಸರಿಹೋಯಿತು. ಕಾಟನ್ ನೂಲು ಬೇಡವೇ ಬೇಡ, ಪಾಲಿಯೆಸ್ಟರ್ ನೂಲೇ ಆಗಬೇಕು. ನೇರ ಹೊಲಿಗೆ ಹಾಕುವಾಗ ಬಟ್ಟೆಯನ್ನು ಹಿಂದೆ ಮುಂದೆ ಒಂದೇ ಸಮ ಸ್ವಲ್ಪ ಎಳೆದು ಹಿಡಿದೆ. ಇಲ್ಲದಿದ್ದರೆ ಹಾಕಿಕೊಂಡಾಗ ಬಟ್ಟೆ ಹಿಗ್ಗುತ್ತದೆ, ನೂಲು ಹಿಗ್ಗದೆ ಟಪ್ ಎಂದು ಕಡಿಯುತ್ತದೆ. ಕಾಲಸಂದಿಯ ಹೊಲಿಗೆಯನ್ನು ಮಾತ್ರ ಪಕ್ಕದ ಬೀದಿಯ ಗೆಳತಿಯ ಮೋಟಾರ್ ಮೆಷಿನ್ನಿನಲ್ಲಿ ಸಣ್ಣ ಝಿಗ್‌ಝಾಗ್ ಹಾಕಿಸಿದೆ. ಗುಂಡುಸೂಜಿ ಚುಚ್ಚಿದರೆ ತೂತು ಹಾಗೇ ಉಳಿಯುತ್ತದೆಂದು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನೇ ಹಾಕಿದೆ. ಗುರುತಿಗೆ ಸವೆದ ಸೋಪಿನ ಚೂರು. ಇಸ್ತ್ರಿಯಲ್ಲಿ ಮೈಮರೆತು ಎಡಗಾಲಿನ ಕೆಳಗೆ ಬೆರಳಗಲ ಹೊಳೆಯುವ ಕಲೆ ಮಾಡಿಕೊಂಡದ್ದು ಇವತ್ತಿಗೂ ಇದೆ. ನೈಲಾನಿನ ಮೇಲೆ ತೆಳು ಬಟ್ಟೆ ಹಾಸದೆ ಇಸ್ತ್ರಿ ಇಡಬಾರದೆಂದು ಊರಿಗೆಲ್ಲ ಹೇಳುವವಳೂ ನಾನೇ.

ಜೇಬಿನ ಬಗ್ಗೆ ನನಗೆ ಹಳೆಯ ದ್ವೇಷ ಇದೆ. ಹೆಂಗಸರ ಪ್ಯಾಂಟಿಗೆ ಜೇಬಿನ ಬಾಯಿ ಮಾತ್ರ ಹೊಲಿದು ಒಳಗೆ ಚೀಲವನ್ನೇ ಇಡದವರು ಯಾರೋ, ಅವರಿಗೊಮ್ಮೆ ಫೋನು, ಚಾಕು, ಬಸ್ಸಿನ ಚಿಲ್ಲರೆ ಎಲ್ಲ ಕೈಯಲ್ಲೇ ಹಿಡಿಸಿ ಮುಳ್ಳಯ್ಯನಗಿರಿ ಹತ್ತಿಸಬೇಕು. 1,930 ಮೀಟರ್, ಕರ್ನಾಟಕದಲ್ಲೇ ಎತ್ತರ, ಮೇಲೆ ಹೋದರೆ ಗಾಳಿಗೆ ಟೋಪಿಯೂ ನಿಲ್ಲದು. ನಾನು ಎರಡು ಪಕ್ಕದ ಜೇಬು, ಬಲತೊಡೆಯ ಹೊರಮಗ್ಗುಲಿಗೆ ಜಿಪ್ಪಿನದೊಂದು ಇಟ್ಟೆ. ಮುಂಭಾಗಕ್ಕೆ ಇಟ್ಟಿದ್ದರೆ ಪ್ರತಿ ಹೆಜ್ಜೆಗೂ ಫೋನು ಮಂಡಿಗೆ ಬಡಿಯುತ್ತಿತ್ತು. ಜೇಬಿನ ಚೀಲಕ್ಕೆ ಮಗನ ಹಳೆಯ ಸ್ಪೋರ್ಟ್ಸ್ ಬನಿಯನ್ನಿನ ಜಾಳು ಬಟ್ಟೆ. ಸೊಂಟಕ್ಕೆ ಹುಕ್ಕು, ಬಕಲ್ ಏನೂ ಇಲ್ಲ. ಬೆನ್ನಚೀಲದ ಪಟ್ಟಿ ಅದರ ಮೇಲೆ ಒತ್ತಿ ಚರ್ಮ ಸುಲಿಯುತ್ತದೆ. ಹಿಂದೆ ಇಲಾಸ್ಟಿಕ್, ಮುಂದೆ ಲಾಡಿ.

ಇನ್ನು ಇಂಬಳ, ಅಂದರೆ ಕಾಡಿನ ಜಿಗಣೆ. ಜಾಳು ಕಾಲುಚೀಲದ ಎಳೆಗಳ ನಡುವೆ ಅದು ನುಗ್ಗುತ್ತದೆ, ಈ ಒತ್ತು ನೇಯ್ಗೆಯೊಳಗೆ ನುಗ್ಗಲಾರದು. ಹಾಗಾಗಿ ಅದಕ್ಕೆ ಉಳಿಯುವ ದಾರಿ ಕೆಳಗಿನ ಬಾಯಿ ಒಂದೇ. ಅಲ್ಲಿ ಮಡಿಕೆಯೊಳಗೆ ಇಲಾಸ್ಟಿಕ್ ದಾರ ಓಡಿಸಿ, ಶೂ ಲೇಸಿಗೆ ಸಿಕ್ಕಿಸಲು ರವಿಕೆಯದೇ ಒಂದು ದೊಡ್ಡ ಹುಕ್ಕು ಇಟ್ಟೆ. ಹೊಗೆಸೊಪ್ಪು, ಸುಣ್ಣ ಹಚ್ಚುವುದನ್ನು ಬಿಟ್ಟಿಲ್ಲ. ಅದು ಶೂಗೆ, ಇದು ಪ್ಯಾಂಟಿಗೆ.

ಮೊದಲ ಸಲ ಹಾಕಿಕೊಂಡು ಹೋದದ್ದು ಮುಳ್ಳಯ್ಯನಗಿರಿ ಹತ್ತುವ ಸರ್ಪದಾರಿಯಲ್ಲಿ, ಜೂನ್ ಕೊನೆಯ ವಾರ. ಹುಲ್ಲು ಸೊಂಟದವರೆಗೆ ನೆಂದಿತ್ತು. ಮೇಲೆ ಹೋಗುವಷ್ಟರಲ್ಲಿ ತೊಡೆಯ ಮುಂಭಾಗ ಒದ್ದೆಯಾಗಿತ್ತು, ದೇವಸ್ಥಾನದ ಜಗುಲಿಯಲ್ಲಿ ಕೂತು ಚಿತ್ರಾನ್ನ ಮುಗಿಸುವಷ್ಟರಲ್ಲಿ ಒಣಗಿತ್ತು. ಆಮೇಲೆ ಬೇಕೆಂದೇ ಎತ್ತಿನಭುಜಕ್ಕೂ ಹೋಗಿ ಅದೇ ಬಂಡೆ ಹತ್ತಿದೆ. ಮಿಯಾನಿ ಗಟ್ಟಿ ಹಿಡಿಯಿತು. ಉತ್ತರಾಣಿ ಮುಳ್ಳು ಮೊದಲಿನಷ್ಟು ಅಂಟುವುದಿಲ್ಲ, ಲಂಟಾನದ ಪೊದೆಗೆ ಸಿಕ್ಕಿ ಒಂದೆರಡು ಕಡೆ ನೂಲು ಎದ್ದಿದೆ.

ಎಂಟು ಹತ್ತು ಸಲ ಒಗೆದ ಮೇಲೆ ಹನಿ ಉರುಳುವುದು ಕಡಿಮೆಯಾಯಿತು. ಸೋಪು ಉಳಿಯದಂತೆ ಎರಡು ಸಲ ಜಾಲಿಸಿ, ಒಣಗಿದ ಮೇಲೆ ತೆಳು ಬಟ್ಟೆ ಹಾಸಿ ಕಡಿಮೆ ಕಾವಿನ ಇಸ್ತ್ರಿ ಆಡಿಸಿದರೆ ಲೇಪ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಒಗೆದ ಬಟ್ಟೆ ಮೆತ್ತಗಾಗಲೆಂದು ಹಾಕುವ ಪರಿಮಳದ ದ್ರವವನ್ನು ಮಾತ್ರ ಇದಕ್ಕೆ ತಾಗಿಸಬೇಡಿ, ಬಟ್ಟೆ ನೀರು ಕುಡಿಯಲು ಶುರುಮಾಡುತ್ತದೆ.

ಜಿಪ್ಪು, ಇಲಾಸ್ಟಿಕ್, ಸೂಜಿ, ನೂಲು ಎಲ್ಲ ಸೇರಿ 1,100 ರೂಪಾಯಿ ದಾಟಲಿಲ್ಲ, ನನ್ನ ಕೂಲಿ ಬಿಟ್ಟು. ಕೂಲಿ ಸೇರಿಸಿದರೆ ಲೆಕ್ಕ ಬೇರೆ. ನಾಲ್ಕು ದಿನ ಕೂತಿದ್ದೇನೆ, ಆ ನಾಲ್ಕು ದಿನಕ್ಕೆ ಎಂಟು ರವಿಕೆ ಆಗುತ್ತಿತ್ತು. ಬಲಮಂಡಿಯ ಒಳಗಿನ ಡಾರ್ಟು ಇಳಿಯುವಾಗ ಇನ್ನೂ ಸ್ವಲ್ಪ ಒತ್ತುತ್ತದೆ, ಮುಂದಿನದಕ್ಕೆ ಅದನ್ನು ಅರ್ಧ ಇಂಚು ಮೇಲಕ್ಕೆ ಸರಿಸಬೇಕು. ಆ ಮುಂದಿನದು ನನ್ನ ನಾದಿನಿಗೆ. ಮೊನ್ನೆ ಅಳತೆ ಕೊಡಲು ಬಂದಳು, ಮೆಟ್ಟಿಲ ಮೇಲೆ ಕಾಲಿಡು ಅಂದರೆ ಸೀರೆಯಲ್ಲಿದ್ದೇನೆ ಅತ್ತಿಗೆ ಅಂದಳು. ಭಾನುವಾರ ಚೂಡಿದಾರ ಹಾಕಿಕೊಂಡು ಬರಲು ಹೇಳಿದ್ದೇನೆ.