ಎಸ್‌ಎಚ್ ಸ್ಕ್ರಿಪ್ಟ್‌ನಲ್ಲಿ ‘ಟೈಮ್’ ಕೆಲಸ ಮಾಡದಿದ್ದರೆ

ಒಂದು ಕಮಾಂಡ್ ಓಡಲು ಹಿಡಿಯುವ ಸಮಯ ಅಳೆಯುವುದು ‘ಟೈಮ್’. ಕಾಸರಗೋಡಿನ ಶಾಲಾ ಲ್ಯಾಬ್‌ಗಳಲ್ಲಿರುವ ಆಪರೇಟಿಂಗ್ ಸಿಸ್ಟಂ ಕೈಟ್ ಗ್ನೂ-ಲಿನಕ್ಸ್ ಉಬುಂಟು ಆಧಾರಿತ. ಟರ್ಮಿನಲ್ ತೆರೆದರೆ ಸಿಗುವ ಶೆಲ್ (ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಬ್ಯಾಶ್. ‘ಎಸ್‌ಎಚ್’ ಹೆಸರಿನಲ್ಲಿ ಓಡುವುದು ಡ್ಯಾಶ್ ಎಂಬ ಇನ್ನೊಂದು ಶೆಲ್.

ಲಕ್ಷಣ: ಟರ್ಮಿನಲ್‌ನಲ್ಲಿ ಫಂಕ್ಷನ್‌ನ ಮುಂದೆ ‘ಟೈಮ್’ ಬರೆದರೆ ಸಮಯ ಬರುತ್ತದೆ. ಅದೇ ಸಾಲು ಎಸ್‌ಎಚ್ ಸ್ಕ್ರಿಪ್ಟ್‌ನಲ್ಲಿ ‘ನಾಟ್ ಫೌಂಡ್’ ಎನ್ನುತ್ತದೆ.

ಉಬುಂಟುವಿನಲ್ಲಿ ಪ್ರೋಗ್ರಾಂ ಸೇರಿಸುವ ‘ಆಪ್ಟ್’ ಮೂಲಕ ‘ಟೈಮ್’ ಪ್ಯಾಕೇಜ್ ಹಾಕಿದರೆ ಆ ದೂರು ಹೋಗುತ್ತದೆ, ಆದರೆ ಫಂಕ್ಷನ್ ಓಡುವುದಿಲ್ಲ. ‘ಫಾರ್’ ಲೂಪ್‌ನ ಮುಂದೆ ಹಾಕಿದರೆ ‘ಡೂ’ ಪದದ ಬಳಿ ಸಿಂಟ್ಯಾಕ್ಸ್ ಎರರ್. ‘ಟೈಮ್ಸ್’ ಎಂಬ ಬಿಲ್ಟ್-ಇನ್ (ಶೆಲ್‌ನ ಒಳಗೇ ಇರುವ ಕಮಾಂಡ್) ಇದೆ. ಅದು ಕೊಡುವುದು ಶೆಲ್ ಮತ್ತು ಅದರ ಚೈಲ್ಡ್ ಪ್ರೋಸೆಸ್‌ಗಳು ಅಲ್ಲಿಯವರೆಗೆ ಬಳಸಿದ ಸಿಪಿಯು ಸಮಯ ಮಾತ್ರ. ‘ಸ್ಲೀಪ್’ನಲ್ಲಿ ಕಾದ ಹೊತ್ತು ಅದರಲ್ಲಿ ಸೇರುವುದಿಲ್ಲ.

ಕಾರಣ: ಬ್ಯಾಶ್‌ನಲ್ಲಿ ‘ಟೈಮ್’ ಶೆಲ್‌ನದೇ ಕಾಯ್ದಿರಿಸಿದ ಪದ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪೊಸಿಕ್ಸ್ ಅದನ್ನು ಪ್ರತ್ಯೇಕ ಪ್ರೋಗ್ರಾಂ ಎಂದು ವಿವರಿಸುತ್ತದೆ. ಹೊರಗಿನ ಪ್ರೋಗ್ರಾಂಗೆ ಶೆಲ್‌ನ ಒಳಗಿರುವ ಫಂಕ್ಷನ್, ಲೂಪ್ ಕಾಣುವುದೇ ಇಲ್ಲ.

ಸರಿಹೋದ ಕ್ರಮ: ಪ್ಯಾಕೇಜ್ ಹಾಕಿದ ಮೇಲೆ ‘ಟೈಮ್ -ಪಿ ಎಸ್‌ಎಚ್ -ಸಿ’ ಎಂದು ಬರೆದು, ಅಳೆಯಬೇಕಾದ ಇಡೀ ಕೋಡ್ ತುಂಡನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಕೊಡಿ. ಫಂಕ್ಷನ್‌ನ ವ್ಯಾಖ್ಯೆಯೂ ಒಳಗೇ ಇರಬೇಕು. ಹೊರಗಿನದು ‘ಎಸ್‌ಎಚ್ -ಸಿ’ ಶುರುಮಾಡುವ ಹೊಸ ಶೆಲ್‌ಗೆ ಸಿಗದು. ‘-ಪಿ’ ಬಿಡಬೇಡಿ. ಅದಿದ್ದರೆ ಮಾತ್ರ ರಿಯಲ್, ಯೂಸರ್, ಸಿಸ್ ಮೂರು ಸಾಲು ಸೆಕೆಂಡುಗಳಲ್ಲಿ ಒಂದೇ ರೂಪದಲ್ಲಿ ಬರುತ್ತವೆ. ಫಲಿತಾಂಶ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುವುದರಿಂದ ತುಂಡಿನದೇ ಎರರ್ ಸಂದೇಶಗಳನ್ನು ಉದ್ಧರಣದ ಒಳಗೇ ಬೇರೆ ಫೈಲಿಗೆ ತಿರುಗಿಸಿ.

ಹೊಸ ಶೆಲ್ ಶುರುವಾಗುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಒಂದೇ ಬಿಲ್ಟ್-ಇನ್ ಅಳೆಯುವಾಗ ಒಳಗೆ ‘ವೈಲ್’ ಲೂಪ್‌ನಲ್ಲಿ ಲಕ್ಷಗಟ್ಟಲೆ ಸಲ ಓಡಿಸಿ, ಖಾಲಿ ಲೂಪ್‌ನ ಸಮಯ ಕಳೆಯಿರಿ.