ಟೈಮ್‌ಟೇಬಲ್ ಇಲ್ಲದ ವಾರಗಳಲ್ಲಿ ನಾವು ಪಾಲಿಸಿದ್ದು

ಕಾರವಾರದಲ್ಲಿ ರೂಮು ಮಾಡಿಕೊಂಡು ಓದುವವರಿಗೆ ಮಳೆಗಾಲ ಅಂದರೆ ಅರ್ಧ ಓದು, ಅರ್ಧ ಕಾಯುವುದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಮೂರು ವಾರ ಕಳೆಯುವಷ್ಟರಲ್ಲಿ ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು. ಅಷ್ಟು ದೊಡ್ಡದೇ ಆಗಬೇಕೆಂದಿಲ್ಲ. ನಾಲ್ಕು ದಿನ ರೆಡ್ ಅಲರ್ಟ್ ಇದ್ದರೂ ಪರೀಕ್ಷೆ, ಬಸ್ಸು, ಊರಿಗೆ ಹೋಗುವುದು ಎಲ್ಲ ಅತಂತ್ರ.

ಓದಿ ಓದಿ ಬಂದ ಸುಸ್ತು ಒಂದು ರಾತ್ರಿ ಚೆನ್ನಾಗಿ ಮಲಗಿದರೆ ಇಳಿಯುತ್ತದೆ. ‘ಪರೀಕ್ಷೆ ಯಾವಾಗ’ ಅಂತ ಕಾಯುವುದು ಹಾಗಲ್ಲ. ಅದು ಮೊದಲು ನಿದ್ದೆ ಕೆಡಿಸುತ್ತದೆ, ಆಮೇಲೆ ಊಟ. ಹಾಗಾಗಿ ನಾವು ಹಿಡಿದುಕೊಂಡದ್ದು ಏಳುವ ಹೊತ್ತನ್ನು. ಮಲಗುವ ಹೊತ್ತನ್ನಲ್ಲ. ನಿದ್ದೆ ಬಾ ಅಂದರೆ ಬರುವುದಿಲ್ಲ, ಏಳುವುದು ಮಾತ್ರ ನಮ್ಮ ಕೈಯಲ್ಲಿದೆ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಬೆಳಿಗ್ಗೆ ಆರೂವರೆಗೆ ಎದ್ದು ಜಗಲಿಗೋ ಟೆರೇಸಿನ ಶೀಟಿನಡಿಗೋ ಹೋಗಿ ಇಪ್ಪತ್ತು ನಿಮಿಷ ನಿಲ್ಲುವುದು. ಮೋಡ ಕವಿದಿದ್ದರೂ ಹೊರಗಿನ ಬೆಳಕು ರೂಮಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಹೆಚ್ಚು, ದೇಹದ ಗಡಿಯಾರ ಸರಿಹೋಗುವುದು ಅದರಿಂದಲೇ. ಮೊದಲ ಮೂರು ದಿನ ತೂಕಡಿಕೆ ಖಂಡಿತ. ಮಧ್ಯಾಹ್ನ ಮೂರರೊಳಗೆ ಇಪ್ಪತ್ತೈದು ನಿಮಿಷ ಮಲಗಬಹುದು, ಅಲಾರಾಂ ಇಟ್ಟು. ಚಾ, ಕಾಫಿ ಮಧ್ಯಾಹ್ನ ಎರಡಕ್ಕೆ ಮುಗಿಯಬೇಕು. ಕುಡಿದ ಕೆಫೀನಿನಲ್ಲಿ ಸುಮಾರು ಅರ್ಧ ಐದು ಗಂಟೆ ಕಳೆದರೂ ಮೈಯಲ್ಲಿರುತ್ತದೆ. ಸಂಜೆ ಜಡಿಮಳೆಯಲ್ಲಿ ಚಾ ಬಿಡು ಅಂದರೆ ಯಾರೂ ಒಪ್ಪುವುದಿಲ್ಲ, ಗೊತ್ತು. ಕೊತ್ತಂಬರಿ-ಜೀರಿಗೆ ಕಷಾಯ ಮಾಡಿಕೊಳ್ಳಿ.

ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಕುರ್ಚಿಯಲ್ಲಿ ಕೂರುವುದು, ಮಂದ ಬೆಳಕಿನಲ್ಲಿ ಏನಾದರೂ ನೀರಸವಾದದ್ದು ಓದುವುದು, ಕಣ್ಣು ಎಳೆದಾಗ ಮತ್ತೆ ಹಾಸಿಗೆ. ಇಪ್ಪತ್ತು ನಿಮಿಷ ಅಂದಾಜಿಗೆ ಸಾಕು. ಹೊತ್ತು ನೋಡಲು ಮೊಬೈಲ್ ಎತ್ತಿದಿರೋ, ವಾಟ್ಸಾಪ್ ತೆರೆದೇ ತೆರೆಯುತ್ತೀರಿ.

ವಾಟ್ಸಾಪಿನ ಕಥೆಯೇ ಬೇರೆ. ‘ಪೋಸ್ಟ್‌ಪೋನ್ ಅಂತೆ’ ಎಂಬ ಸುದ್ದಿಗೆ ದಿನಕ್ಕೆ ನಲವತ್ತು ಸಲ ಫೋನ್ ನೋಡುವುದಕ್ಕಿಂತ ಎರಡೇ ಹೊತ್ತು ಸಾಕು: ಬೆಳಿಗ್ಗೆ ಹನ್ನೊಂದು, ಸಂಜೆ ಆರು. ಗುಂಪಿನಲ್ಲಿ ಒಬ್ಬನಿಗೆ ಆ ವಾರದ ಪಾಳಿ. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಕಂಡದ್ದನ್ನು ಮಾತ್ರ ಅವನು ಹಾಕಬೇಕು, ಉಳಿದವರು ಗುಂಪನ್ನು ಮ್ಯೂಟ್ ಮಾಡಿಟ್ಟಿರಬೇಕು. ಹಳೇ ವರ್ಷದ ಪಿಡಿಎಫ್ ತಿರುಗುವುದು ಇದ್ದದ್ದೇ. ಪತ್ರದ ದಿನಾಂಕ, ಸೆಮಿಸ್ಟರ್, ಕೋರ್ಸು ಮೂರನ್ನೂ ನೋಡದೆ ನಂಬಬೇಡಿ. ಜಿಲ್ಲಾಧಿಕಾರಿ ಶಾಲೆ-ಕಾಲೇಜಿಗೆ ರಜೆ ಕೊಟ್ಟರೆ ಪರೀಕ್ಷೆಯೂ ಮುಂದೆ ಹೋಯಿತು ಅಂದುಕೊಳ್ಳುವುದೂ ಬೇಡ, ಅದಕ್ಕೆ ವಿಶ್ವವಿದ್ಯಾಲಯದ ಪತ್ರವೇ ಬರಬೇಕು. ಪೇಪರ್ ನಿಜವಾಗಿ ಮುಂದೆ ಹೋದರೆ ಆ ಪುಸ್ತಕಕ್ಕೆ ದಿನಕ್ಕೆ ಅರ್ಧ ಗಂಟೆ ಸಾಕು, ಉಳಿದ ಹೊತ್ತು ಮುಂದಿನ ಪೇಪರಿಗೆ.

ಇನ್ನು ಊಟ. ಮನಸ್ಸು ಸರಿ ಇಲ್ಲದಾಗ ಅಡುಗೆ ಬೇಡವಾಗುತ್ತದೆ, ಬಿಸ್ಕೀಟು-ಮ್ಯಾಗಿಯಲ್ಲಿ ದಿನ ಕಳೆಯುತ್ತದೆ. ನಮ್ಮನ್ನು ಕಾಪಾಡಿದ್ದು ಗಂಜಿ, ಇಲ್ಲಿಯ ಕೊಂಕಣಿಯವರ ಪೇಜ್. ಇಬ್ಬರಿಗೆ ಒಂದು ಲೋಟ ಕುಚ್ಚಲಕ್ಕಿ, ಆರು ಲೋಟ ನೀರು. ರಾತ್ರಿಯೇ ನೆನೆಹಾಕಿದರೆ ಗ್ಯಾಸು ಉಳಿಯುತ್ತದೆ. ಐದು ಲೀಟರಿನ ಕುಕ್ಕರೇ ಬೇಕು. ಮೂರು ಲೀಟರಿನದಾದರೆ ಅಕ್ಕಿ-ನೀರು ಎರಡನ್ನೂ ಅರ್ಧ ಮಾಡಿ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿದರೆ ತಿಳಿ ನೊರೆಯಾಗಿ ಉಕ್ಕಿ ವೇಟಿನ ತೂತಿಗೆ ಕಟ್ಟುತ್ತದೆ, ಗೋಡೆಯೆಲ್ಲ ಗಂಜಿ. ಅರ್ಧ ಚಮಚ ತೆಂಗಿನೆಣ್ಣೆ ಬಿಟ್ಟರೆ ನೊರೆ ಕಡಿಮೆ. ದೊಡ್ಡ ಉರಿಯಲ್ಲಿ ಒಂದು ಕೂಗು, ಸಣ್ಣ ಉರಿಯಲ್ಲಿ ಆರೇಳು, ಹಬೆ ತಾನಾಗಿ ಇಳಿಯಲಿ. ಉಪ್ಪು ಆಮೇಲೆ. ಜೊತೆಗೆ ಮೊಟ್ಟೆಯೋ, ಬೇಯಿಸಿದ ಹೆಸರುಕಾಳೋ, ಸುಟ್ಟ ಒಣಮೀನೋ ಒಂದಿರಬೇಕು. ಬರೀ ಗಂಜಿಯಾದರೆ ಎರಡು ತಾಸಿಗೆ ಮತ್ತೆ ಹಸಿವು. ಶಿರಸಿಯ ಕಡೆಯವರ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ರೂಮಿಗೆಲ್ಲ ಸಾರ್ವಜನಿಕ ಆಸ್ತಿ, ಆದರೆ ಹಸಿ ಚಮಚ ಹಾಕಿದವನನ್ನು ಕ್ಷಮಿಸಬೇಡಿ, ಬೂಷ್ಟು ಹಿಡಿಯುತ್ತದೆ.

ಒಣಗದ ಬಟ್ಟೆಯೂ ಇದರಲ್ಲೇ ಸೇರಿದ್ದು. ಹಸಿ ಒಳಉಡುಪು ಹಾಕಿಕೊಂಡು ತೊಡೆಸಂದಿಯಲ್ಲಿ ಗಜಕರ್ಣವಾದರೆ ರಾತ್ರಿಯೆಲ್ಲ ತುರಿಕೆ, ನಿದ್ದೆಯ ಲೆಕ್ಕವೆಲ್ಲ ನೀರಿಗೆ. ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಬೆರೆಸಿದವು. ಎರಡು ದಿನ ಹಾಯೆನಿಸಿ, ಆಮೇಲೆ ಇನ್ನಷ್ಟು ಹರಡುತ್ತದೆ. ವೈದ್ಯರಿಗೇ ತೋರಿಸಿ.

ಎದೆ ಡವಡವ ಅನ್ನತೊಡಗಿದಾಗ ಉಸಿರು: ಮೂಗಿನಲ್ಲಿ ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ. ಎಲ್ಲರೂ ಮಾಡುವ ತಪ್ಪು ಎದೆ ತುಂಬ ಎಳೆಯುವುದು. ಹಾಗೆ ಮಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಹೆದರಿಕೆ ಇನ್ನೂ ಏರುತ್ತದೆ. ಉಸಿರು ಸಣ್ಣದಿರಲಿ, ನಿಧಾನವಿರಲಿ.

ಮನೆಗೆ ಫೋನು ರಾತ್ರಿ ಎಂಟಕ್ಕೆ, ಒಂದೇ ಸಲ. ಅಮ್ಮ ಕೇಳುವುದು ‘ಊಟ ಆತಾ?’, ಅಪ್ಪ ಕೇಳುವುದು ‘ರಿಸಲ್ಟು?’. ಇವತ್ತು ಏನು ಗೊತ್ತಾಯಿತು, ಏನು ಗೊತ್ತಾಗಿಲ್ಲ, ಮತ್ತೆ ಯಾವತ್ತು ನೋಡುತ್ತೇನೆ ಎಂದು ಮೂರು ಮಾತು ಹೇಳಿದರೆ ಅವರೂ ನಡುವೆ ಕರೆ ಮಾಡುವುದಿಲ್ಲ.

ಇದೆಲ್ಲ ಮಾಡಿಯೂ ಎರಡು ವಾರದಿಂದ ದಿನವಿಡೀ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಅದು ರೂಮಿನಲ್ಲಿ ಬಗೆಹರಿಯುವ ವಿಷಯವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರೂಮ್‌ಮೇಟ್ ಸಾಯುವ ಮಾತಾಡಿದರೆ ಎರಡು ವಾರ ಎಣಿಸುತ್ತ ಕೂರಬೇಡಿ. ಆಗಲೇ ಕರೆ ಮಾಡಿ, ಒಬ್ಬರಾದರೂ ಅವನ ಜೊತೆಗಿರಿ. ತುರ್ತಾದರೆ 112. ಈ ಎರಡು ನಂಬರನ್ನು ಬಾಗಿಲ ಹಿಂದೆ ಕಾಗದದಲ್ಲಿ ಅಂಟಿಸಿಡಿ. ಗಾಳಿಮಳೆಗೆ ಕರೆಂಟು ಹೋದರೆ ಒಬ್ಬರ ಮೊಬೈಲಿನಲ್ಲಾದರೂ ಚಾರ್ಜ್ ಉಳಿದಿರುತ್ತದೆ, ಆದರೆ ನಂಬರು ಇನ್ನೊಬ್ಬರ ಸತ್ತ ಮೊಬೈಲಿನಲ್ಲಿರುತ್ತದೆ. ಬಾಲ್ ಪೆನ್ನಿನಲ್ಲಿ ಬರೆಯಿರಿ. ಜೆಲ್ ಪೆನ್ನಿನದು ಇಲ್ಲಿಯ ತೇವಕ್ಕೆ ಹರಡಿಹೋಗುತ್ತದೆ.