ಯಾರ ಮನೆಯವರು ಎಂದು ಗೊತ್ತಾಗದ ಹಾಗೆ ಇನ್‌ಸ್ಟಾಗ್ರಾಂನಲ್ಲಿ ಇರುವುದು ಹೇಗೆ

ಮಲೆನಾಡಿನಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳುವುದು ಹೆಸರಲ್ಲ. "ಯಾವೂರಾಯ್ತು? ಯಾರ ಮನೆ?" ಈ ಎರಡಕ್ಕೆ ಉತ್ತರ ಸಿಕ್ಕರೆ ಸಾಕು, ನಿಮ್ಮ ಅಜ್ಜನ ತಮ್ಮನಿಗೆ ಎಷ್ಟು ಎಕರೆ ತೋಟ ಇತ್ತು ಎಂಬುದನ್ನೂ ಅವರೇ ನಿಮಗೆ ಹೇಳುತ್ತಾರೆ. ಗೇ, ಲೆಸ್ಬಿಯನ್, ಬೈ, ಟ್ರಾನ್ಸ್ ಹುಡುಗ ಹುಡುಗಿಯರು ಎರಡನೇ ಐಡಿ ಮಾಡಿಕೊಳ್ಳುವಾಗ ಮರೆಯುವುದು ಇದನ್ನೇ. ಹೆಸರು ಬದಲಾಯಿಸುತ್ತಾರೆ, ಡಿಪಿಗೆ ಜೋಗದ ಫೋಟೊ ಹಾಕುತ್ತಾರೆ, ಇನ್ನು ಯಾರಿಗೂ ಗೊತ್ತಾಗಲ್ಲ ಎಂದು ನೆಮ್ಮದಿಯಾಗುತ್ತಾರೆ. ಆಮೇಲೆ ಹಾಕುವ ಮೊದಲ ಫೋಟೊವೇ ಮನೆ ಜಗಲಿಯದ್ದು.

ನಾನು ತೀರ್ಥಹಳ್ಳಿ ಕಡೆಯವನು, ಈಗ ಶಿವಮೊಗ್ಗದಲ್ಲಿ ಕೆಲಸ. ನಾನು ಗೇ ಎಂದು ಅಕ್ಕನಿಗೆ ಗೊತ್ತು, ಮೂರು ಜನ ಗೆಳೆಯರಿಗೆ ಗೊತ್ತು. ಅಮ್ಮನಿಗೆ ಅನುಮಾನ ಇದೆ, ಆದರೆ ಇಬ್ಬರೂ ಆ ಮಾತು ಎತ್ತಿಲ್ಲ. ಹಾಗಾಗಿ ಇದು "ಧೈರ್ಯವಾಗಿ ಎಲ್ಲರಿಗೂ ಹೇಳಿಬಿಡಿ" ಎನ್ನುವ ಬರಹ ಅಲ್ಲ. ಮುಚ್ಚಿಟ್ಟುಕೊಳ್ಳಿ ಅಂತಲೂ ಹೇಳುತ್ತಿಲ್ಲ. ಹೇಳುವುದೋ ಬಿಡುವುದೋ, ಯಾರಿಗೆ ಮೊದಲು, ಯಾರಿಗೆ ಐದು ವರ್ಷ ಬಿಟ್ಟು, ಅದನ್ನು ನೀವು ತೀರ್ಮಾನ ಮಾಡಬೇಕು. ಫೋನು ಅಥವಾ ಚಿಕ್ಕಪ್ಪನ ಮಗ ಮಾಡಬಾರದು.

ಮೊದಲು ಫೋನ್ ಪಕ್ಕಕ್ಕಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ಯಾರಿಗೆ ಈಗಾಗಲೇ ಗೊತ್ತು, ಯಾರಿಗೆ ಗೊತ್ತಾದರೆ ಪರವಾಗಿಲ್ಲ, ಯಾರಿಗೆ ಸದ್ಯಕ್ಕೆ ಗೊತ್ತಾಗಲೇಬಾರದು, ಹೆಸರು ಬರೆಯಿರಿ. ಮೂರನೇ ಗುಂಪಿನ ಪ್ರತಿ ಹೆಸರಿನ ಮುಂದೆ ಕಾರಣವನ್ನೂ ಬರೆಯಿರಿ. ಕಾಲೇಜಿನ ಫೀಸು ಕಟ್ಟುವವರು ಯಾರು? ನೀವು ಮಲಗುವ ಮನೆ ಯಾರದ್ದು? ಸಿಮ್ ಯಾರ ಹೆಸರಿನಲ್ಲಿದೆ? "ಅವರು ಬೇಜಾರು ಮಾಡಿಕೊಳ್ಳುತ್ತಾರೆ" ಎನ್ನುವುದು ಬೇರೆ, "ಅವರು ನನ್ನನ್ನು ಕಾಲೇಜು ಬಿಡಿಸುತ್ತಾರೆ" ಎನ್ನುವುದು ಬೇರೆ. ಇದನ್ನು ಬರೆದು ನೋಡುವವರೆಗೆ ನನಗೂ ಎರಡೂ ಒಂದೇ ಭಯ ಅನಿಸಿತ್ತು. ಬರೆದಾದ ಮೇಲೆ ಹಾಳೆಯನ್ನು ಬಚ್ಚಲೊಲೆಗೆ ಹಾಕಿ. ಫೋನಿನ ನೋಟ್ಸ್‌ನಲ್ಲಂತೂ ಬರೆಯಬೇಡಿ.

ಈಗ ಐಡಿ. ಹೊಸ ಐಡಿಗೆ ಹೊಸ ಇಮೇಲ್ ಮಾಡಿಕೊಳ್ಳಿ, ನಂಬರ್ ಕೊಡಬೇಡಿ. ಆ್ಯಪ್ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳಿದರೆ ಬೇಡ ಎನ್ನಿ. ಆದರೆ ಅಷ್ಟರಿಂದಲೇ ಮುಗಿಯುವುದಿಲ್ಲ, ಯಾಕೆಂದರೆ ನೀವು ಬೇಡ ಎಂದರೂ ನಿಮ್ಮ ನಂಬರ್ ಸೇವ್ ಮಾಡಿಕೊಂಡಿರುವ ನೂರು ಜನ ಹೂಂ ಎಂದಿರುತ್ತಾರೆ. ಅವರ ಪಟ್ಟಿಯಲ್ಲಿರುವ ನಂಬರೂ ನಿಮ್ಮ ಐಡಿಯ ನಂಬರೂ ಒಂದೇ ಆದರೆ ನೀವು ಅವರಿಗೆ ಸಜೆಶನ್‌ನಲ್ಲಿ ಬರಬಹುದು. ಮೊದಲ ಸಲ ನಾನು ಹಳೇ ನಂಬರಿನಲ್ಲೇ ಐಡಿ ಮಾಡಿದ್ದೆ, ಎರಡೇ ದಿನಕ್ಕೆ ಚಿಕ್ಕಮ್ಮನ ಮಗಳ ಫೋನಿನಲ್ಲಿ "ಇವರು ನಿಮಗೆ ಗೊತ್ತಿರಬಹುದು" ಎಂದು ಪ್ರತ್ಯಕ್ಷನಾದೆ. ಗೊತ್ತಿಲ್ಲದೇ ಇರುತ್ತದೆಯೇ, ಅವಳಿಗೆ ಸೈಕಲ್ ಕಲಿಸಿದ್ದೇ ನಾನು. ಪುಣ್ಯಕ್ಕೆ ಆಗ ಒಂದೂ ಪೋಸ್ಟ್ ಇರಲಿಲ್ಲ.

ಎರಡೂ ಐಡಿಗಳನ್ನು ಒಂದೇ ಆ್ಯಪ್‌ನಲ್ಲಿ ಇಟ್ಟುಕೊಳ್ಳದಿರುವುದು ಒಳ್ಳೆಯದು. ಹೊಸದನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಒಂದೇ ಆ್ಯಪ್‌ನಲ್ಲಿದ್ದರೆ ಯಾವುದರಲ್ಲಿ ಕಾಮೆಂಟ್ ಹಾಕಿದೆ ಎಂಬುದೇ ಮರೆತು ಅತ್ತಿಗೆಯ ಸೀಮಂತದ ಫೋಟೊಗೆ ಈ ಐಡಿಯಿಂದ ಹೃದಯ ಒತ್ತಿ ಬರುತ್ತೀರಿ. ಪ್ರೈವೇಟ್ ಮಾಡಿದರೂ ಹೆಸರು, ಡಿಪಿ, ಬಯೋ ಎಲ್ಲರಿಗೂ ಕಾಣುತ್ತದೆ. ಪಬ್ಲಿಕ್ ಪೇಜ್‌ನಲ್ಲಿ ನೀವು ಹಾಕಿದ ಕಾಮೆಂಟ್ ಕೂಡ ಕಾಣುತ್ತದೆ. ಕ್ಲಾಸಿನವರನ್ನು, ಊರಿನ ಯುವಕ ಸಂಘವನ್ನು ಈ ಐಡಿಯಿಂದ ಫಾಲೋ ಮಾಡಲೇಬೇಡಿ. ನಿಮ್ಮ ಫಾಲೋ ಪಟ್ಟಿ ನೋಡಿದರೆ ನಿಮ್ಮ ಪಂಚಾಯಿತಿ ಯಾವುದು ಎಂದು ಯಾರು ಬೇಕಾದರೂ ಹೇಳುತ್ತಾರೆ.

ಸೆಟ್ಟಿಂಗ್ಸ್ ಸರಿ ಮಾಡಿಕೊಂಡವರೂ ಸಿಕ್ಕಿಬೀಳುವುದು ಫೋಟೊದಲ್ಲಿ. ಮುಖ ಕಾಣದಿದ್ದರೆ ಸಾಕು ಎಂದುಕೊಳ್ಳುತ್ತೇವೆ. ಹಿಂದೆ ಹಂಚಿನ ಮಾಡು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ಮೂಲೆಯಲ್ಲಿ ಮೆಟ್ಟುಗತ್ತಿ, ಬೈಕಿನ ನಂಬರ್, ಕಾಲೇಜಿನ ಐಡಿ ಕಾರ್ಡಿನ ದಾರದ ಬಣ್ಣ. ಬಸ್ಸಿನ ಕಿಟಕಿಯಿಂದ ತೆಗೆದ ಮಳೆಯ ವಿಡಿಯೊ ಕೂಡ, ಯಾಕೆಂದರೆ ನಮ್ಮ ಕಡೆ ಖಾಸಗಿ ಬಸ್ಸಿಗೆ ಹೆಸರಿರುತ್ತದೆ, ಆ ಬಸ್ಸು ಎಷ್ಟು ಗಂಟೆಗೆ ಯಾವ ಊರಿನಲ್ಲಿರುತ್ತದೆ ಎಂಬುದು ಅರ್ಧ ತಾಲ್ಲೂಕಿಗೆ ಬಾಯಿಪಾಠ. "ಮೂರು ದಿನದಿಂದ ಕರೆಂಟ್ ಇಲ್ಲ" ಎಂದು ಸ್ಟೋರಿ ಹಾಕಿದರೂ ಯಾವ ಲೈನಿನವರು ಎಂದು ಲೆಕ್ಕ ಹಾಕುವವರಿದ್ದಾರೆ. ಸಾಗರದ ಮಾರಿಕಾಂಬಾ ಜಾತ್ರೆಯ ಫೋಟೊವನ್ನು ಎರಡೂ ಐಡಿಯಲ್ಲಿ ಹಾಕಬೇಡಿ, ಒಂದೇ ಕಡೆ ನಿಂತು ತೆಗೆದ ಎರಡು ಫೋಟೊ ಆದರೂ ಅಷ್ಟೇ. ವಾಯ್ಸ್ ಮೆಸೇಜ್ ಬಗ್ಗೆ ಹೇಳಬೇಕೇ? ಎರಡು ವಾಕ್ಯ ಸಾಕು, ಹೊಸನಗರವೋ ಶಿಕಾರಿಪುರವೋ ಎಂದು ಕಿವಿಯೇ ಹೇಳುತ್ತದೆ.

ಡೇಟಿಂಗ್ ಆ್ಯಪ್‌ಗಳು ಹದಿನೆಂಟು ತುಂಬಿದವರಿಗೆ ಮಾತ್ರ. ಅಲ್ಲಿ ದೂರ ತೋರಿಸುವ ಆಯ್ಕೆಯನ್ನು ಮೊದಲು ಆಫ್ ಮಾಡಿ. ಬೆಂಗಳೂರಿನಲ್ಲಿ 2 ಕಿಲೋಮೀಟರ್ ಒಳಗೆ ಸಾವಿರಾರು ಜನ ಇರುತ್ತಾರೆ. ಕೊಪ್ಪದಲ್ಲಿ 2 ಕಿಲೋಮೀಟರ್ ಅಂದರೆ ಒಂದು ಪೇಟೆ ಬೀದಿ ಮತ್ತು ನೀವು.

ನಂಬರ್ ಕೊಡುವುದನ್ನು ಆದಷ್ಟು ತಡ ಮಾಡಿ. ಟ್ರೂಕಾಲರ್‌ನಲ್ಲಿ ಹುಡುಕಿದರೆ ಹೆಸರು ಬರುತ್ತದೆ, ಕೆಲವೊಮ್ಮೆ ಯಾರೋ ಸೇವ್ ಮಾಡಿದ ಹಾಗೆ ಊರಿನ ಸಮೇತ. ಟೆಲಿಗ್ರಾಂನಲ್ಲಿ ನಂಬರ್ ಯಾರಿಗೂ ಕಾಣದ ಹಾಗೆ ಮಾಡಿ ಬರೀ ಯೂಸರ್‌ನೇಮ್‌ನಿಂದ ಮಾತಾಡಬಹುದು. ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ: ಮೊದಲ ಭೇಟಿ, ದುರ್ಗಿಗುಡಿ ಕಡೆ ಎಲ್ಲೋ ಕಾಫಿ, ಬಿಲ್ಲು ಅವರು ಕೊಟ್ಟರು, ನೀವು ನಿಮ್ಮ ಪಾಲು ಫೋನ್‌ಪೇ ಮಾಡಿದಿರಿ. ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಅವರ ಫೋನಿಗೆ ಹೋಯಿತು. ಮೊದಲ ಸಲ ನೋಟು ಕೊಡಿ. ಟ್ರಾನ್ಸ್ ಗೆಳೆಯ ಗೆಳತಿಯರಿಗೆ ಇದು ಇನ್ನೂ ಕಷ್ಟ. ಹೊಸ ಹೆಸರಿನಲ್ಲಿ ಎಲ್ಲ ಬದಲಾಯಿಸಿದರೂ ಯುಪಿಐ ಹಳೇ ಹೆಸರನ್ನೇ ಕೂಗಿ ಹೇಳುತ್ತದೆ. ಫೇಸ್‌ಬುಕ್‌ನಲ್ಲಿ ಹೆಸರು ಬದಲಾಯಿಸಿದವರು ಯೂಸರ್‌ನೇಮ್ ಕೂಡ ಬದಲಾಯಿಸಿ, ಬೇರೆಯವರು ಟ್ಯಾಗ್ ಮಾಡಿದ ಹಳೇ ಫೋಟೊಗಳಿಂದ ಟ್ಯಾಗ್ ತೆಗೆಯಿರಿ. ಅದೊಂದು ಭಾನುವಾರದ ಕೆಲಸ, ಗೆಳೆಯರನ್ನು ಜೊತೆಗೆ ಕೂರಿಸಿಕೊಳ್ಳಿ.

ಮನೆಯೊಳಗಿನ ಸೋರಿಕೆ ಇನ್ನೊಂದು ಬಗೆ. ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಯಕ್ಷಗಾನ ಹಾಕಿಕೊಡಲು ಟಿವಿಯಲ್ಲಿ ನನ್ನ ಅಕೌಂಟಿನಿಂದ ಲಾಗಿನ್ ಆಗಿದ್ದೆ. ಹಾಗೆಯೇ ಬಿಟ್ಟು ಬಂದೆ. ಶಿವಮೊಗ್ಗದ ರೂಮಿನಲ್ಲಿ ಕೂತು ನಾನು ನೋಡಿದ್ದೆಲ್ಲ ಅಲ್ಲಿ ಯಕ್ಷಗಾನದ ಪಕ್ಕದಲ್ಲೇ ಸಾಲಾಗಿ ಬರತೊಡಗಿತು, ಇಬ್ಬರು ಗಂಡಸರ ಮದುವೆಯ ವಿಡಿಯೊ ಸಮೇತ. ಅಪ್ಪ ಫೋನ್ ಮಾಡಿ, "ಟಿವಿಲಿ ಏನೇನೋ ಬರ್ತಾ ಇದೆ ಮಾರಾಯ, ಬಂದಾಗ ಸರಿ ಮಾಡು" ಎಂದರು. ಅಷ್ಟೇ. ಇವತ್ತಿಗೂ ಅವರು ಏನು ಅರ್ಥ ಮಾಡಿಕೊಂಡರು ಎಂದು ನನಗೆ ಗೊತ್ತಿಲ್ಲ. ಹಾಗಾಗಿ ಟಿವಿಯಿಂದ ಲಾಗೌಟ್ ಆಗಿ. ಅಮ್ಮನ ಫೋನಿನಲ್ಲಿ ನಿಮ್ಮ ಗೂಗಲ್ ಅಕೌಂಟ್ ಇದ್ದರೆ ಫೋಟೊಗಳೂ ಅಲ್ಲಿಗೆ ಹೋಗುತ್ತಿರಬಹುದು, ನೋಡಿ. ಲಾಕ್ ಸ್ಕ್ರೀನಿನಲ್ಲಿ ಮೆಸೇಜ್ ಕಾಣದ ಹಾಗೆ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಚಾಟ್ ಲಾಕ್ ಇದೆ, ಬಳಸಿ.

ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ "ಇವರನ್ನು ಬಿಟ್ಟು ಎಲ್ಲರಿಗೂ" ಎನ್ನುವ ಆಯ್ಕೆ ಬೇಡ. "ಇವರಿಗೆ ಮಾತ್ರ" ಎನ್ನುವುದನ್ನು ಆರಿಸಿ. ಮೊದಲನೆಯದರಲ್ಲಿ ನಾಳೆ ಭಾವನ ಹೊಸ ನಂಬರ್ ಸೇವ್ ಮಾಡಿದರೆ ಅದು ತಾನಾಗಿ "ಎಲ್ಲರೂ" ಆಗಿಬಿಡುತ್ತದೆ. ಇನ್‌ಸ್ಟಾಗ್ರಾಂನಲ್ಲೂ ಇದೇ ಲೆಕ್ಕ: ಸ್ಟೋರಿ ಯಾರಿಗೆ ಕಾಣಬಾರದು ಎಂದು ಹುಡುಕಿ ಹುಡುಕಿ ಹೈಡ್ ಮಾಡುವ ಬದಲು ಕ್ಲೋಸ್ ಫ್ರೆಂಡ್ಸ್ ಪಟ್ಟಿ ಮಾಡಿ. ಯಾರು ಟ್ಯಾಗ್ ಮಾಡಿದರೂ ನಿಮ್ಮನ್ನು ಕೇಳಿಯೇ ಪ್ರೊಫೈಲ್‌ನಲ್ಲಿ ಕಾಣುವ ಹಾಗೆ ಇಡಿ. ಬೆಂಗಳೂರಿನಲ್ಲಿ 2008ರಿಂದ ಪ್ರೈಡ್ ಮೆರವಣಿಗೆ ನಡೆಯುತ್ತಿದೆ, ನಮ್ಮ ಕಡೆಯಿಂದಲೂ ರಾತ್ರಿ ಬಸ್ಸು ಹತ್ತಿ ಹೋಗುವವರಿದ್ದಾರೆ. ಅಲ್ಲಿ ತೆಗೆದ ಗ್ರೂಪ್ ಫೋಟೊ ಹಾಕುವ ಮೊದಲು ಅದರಲ್ಲಿರುವ ಒಬ್ಬೊಬ್ಬರನ್ನೂ ಕೇಳಿ. ನಿಮಗೆ ಪರವಾಗಿಲ್ಲದಿರಬಹುದು, ಪಕ್ಕದವಳು ಮನೆಯಲ್ಲಿ ಪರೀಕ್ಷೆ ಎಂದು ಹೇಳಿ ಬಂದಿರಬಹುದು.

ಹೇಳಬೇಕು ಎನಿಸಿದಾಗ? ಮೊದಲು ಗಾಳಿ ಯಾವ ಕಡೆ ಇದೆ ಎಂದು ನೋಡಿ. ಟ್ರಾನ್ಸ್ ಮಹಿಳೆ, ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. ಅವರ ವಿಡಿಯೊ ಒಂದನ್ನು ನಿಮ್ಮ ಮಾಮೂಲಿ ಐಡಿಯಲ್ಲಿ, ಏನೂ ಬರೆಯದೆ, ಸುಮ್ನೆ ಹಂಚಿ. ಫ್ಯಾಮಿಲಿ ಗ್ರೂಪಿನಲ್ಲಿ ಯಾರು ಕೈ ಮುಗಿದರು, ಯಾರು ನಗುವ ಇಮೋಜಿ ಹಾಕಿದರು, ನೋಡಿಕೊಳ್ಳಿ. ಆದರೆ ಇದನ್ನು ಪೂರ್ತಿ ನಂಬಬೇಡಿ. ಬೇರೆ ಮನೆಯ ಮಕ್ಕಳ ವಿಷಯಕ್ಕೆ ಕೈ ಮುಗಿಯುವವರು ಸ್ವಂತ ಮಗನ ವಿಷಯಕ್ಕೆ ಬೇರೆಯೇ ಆಗಬಹುದು, ಉಲ್ಟಾ ಆಗಿದ್ದನ್ನೂ ನೋಡಿದ್ದೇನೆ. ಹೇಳುವುದಾದರೆ ಎದುರಿಗೇ ಹೇಳಿ, ಟೈಪ್ ಮಾಡಬೇಡಿ. ಟೈಪ್ ಮಾಡಿದ್ದು ಫಾರ್ವರ್ಡ್ ಆಗುತ್ತದೆ. ನಾನು ಅಕ್ಕನಿಗೆ ಹೇಳಿದ್ದು ಮಂಡಗದ್ದೆಯಲ್ಲಿ, ಹಕ್ಕಿ ನೋಡುವ ನೆಪದಲ್ಲಿ. "ಭಾವನಿಗೆ ಹೇಳಬಹುದಾ?" ಎಂದು ಅವಳೇ ಕೇಳಿದಳು. ಅವಳು ಕೇಳದಿದ್ದರೂ ನಾನು ಹೇಳಬೇಕಿತ್ತು: ಇದು ಇನ್ನು ಯಾರಿಗೆ ಗೊತ್ತು, ನೀನು ಯಾರಿಗೆ ಹೇಳಬಹುದು, ಯಾರಿಗೆ ಬೇಡ. ಅವತ್ತೇ ಆ ಮಾತು ಮುಗಿಸಿಕೊಳ್ಳಿ.

ಇನ್ನು ಹೆದರಿಸುವವರು. "ದುಡ್ಡು ಕಳಿಸು, ಇಲ್ಲಾಂದ್ರೆ ನಿಮ್ಮಪ್ಪನಿಗೆ ಸ್ಕ್ರೀನ್‌ಶಾಟ್ ಕಳಿಸ್ತೀನಿ." ಒಂದು ರೂಪಾಯಿ ಕೊಡಬೇಡಿ, ಕೊಟ್ಟರೆ ಮುಂದಿನ ವಾರ ಮತ್ತೆ ಬರುತ್ತಾರೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಅವರ ಯೂಸರ್‌ನೇಮ್, ಸಮಯ, ಯುಪಿಐ ಐಡಿ ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನಂಬುವ ಒಬ್ಬರಿಗೆ ಕಳಿಸಿ, ಆಮೇಲೆ ಬ್ಲಾಕ್ ಮಾಡಿ. "ಪೊಲೀಸರಿಗೆ ಹೇಳ್ತೀನಿ" ಎಂದರೆ ಹೇಳಲಿ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಬ್ಬರು ವಯಸ್ಕರು ಒಪ್ಪಿ ಇರುವ ಸಂಬಂಧ ಅಪರಾಧ ಅಲ್ಲ. ಅದಕ್ಕೂ ಒಂದು ವರ್ಷ ಮೊದಲೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ, ನೀವು ಯಾರನ್ನು ಇಷ್ಟಪಡುತ್ತೀರಿ ಎಂಬುದೂ ನಿಮ್ಮ ಖಾಸಗಿತನದ ಹಕ್ಕಿನ ಭಾಗ ಎಂದು ಅದೇ ಕೋರ್ಟ್ ಹೇಳಿತ್ತು. ಹೆದರಿಸಿ ದುಡ್ಡು ಕೀಳುವುದೇ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ. ಒಪ್ಪಿಗೆ ಇಲ್ಲದೆ ಬೆತ್ತಲೆ ಫೋಟೊ ತೆಗೆದರೆ, ಹಂಚಿದರೆ ಐಟಿ ಕಾಯ್ದೆಯ 66ಇ ಕಲಂ, 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಉಳಿದದ್ದಕ್ಕೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್ ಇದೆ, ಶಿವಮೊಗ್ಗದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ. ಅಲ್ಲಿ ಮೇಜಿನ ಆ ಕಡೆ ಕೂತವರು ಹೇಗೆ ಮಾತಾಡುತ್ತಾರೋ, ಒಬ್ಬರೇ ಹೋಗಬೇಡಿ. ಖಾಸಗಿ ಫೋಟೊ ಹರಡುವ ಭಯ ಇದ್ದರೆ "ಸ್ಟಾಪ್ ಎನ್‌ಸಿಐಐ" ಎಂಬ ತಾಣ ಇದೆ. ಫೋಟೊ ನಿಮ್ಮ ಫೋನಿನಲ್ಲೇ ಇರುತ್ತದೆ, ಅದರ ಗುರುತು ಸಂಖ್ಯೆ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಡೆ ಹೋಗುತ್ತದೆ, ಅದೇ ಫೋಟೊ ಅಲ್ಲಿ ಬಂದರೆ ತಡೆಯುತ್ತಾರೆ. ಅದು ಹದಿನೆಂಟು ದಾಟಿದವರಿಗೆ, ಚಿಕ್ಕವರಿಗೆ "ಟೇಕ್ ಇಟ್ ಡೌನ್" ಎಂದು ಬೇರೆ ಇದೆ. ರಾತ್ರಿ ನಿದ್ದೆ ಬರದಷ್ಟು ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು.

ಎಲ್ಲ ಮಾಡಿ ಆದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮ್ಮ ವಿಷಯ ಗೊತ್ತಿರುವ ಒಬ್ಬರಿಗೆ ಊರಿನ ಹೆಸರು ಮಾತ್ರ ಹೇಳಿ, ನನ್ನ ಐಡಿ ಹುಡುಕು ನೋಡೋಣ ಎನ್ನಿ. ನಾನು ಅಕ್ಕನಿಗೆ ಹೇಳಿದ್ದೆ. ಹತ್ತು ನಿಮಿಷದಲ್ಲಿ ಹಿಡಿದಳು. ಆ ಫೋಟೊದಲ್ಲಿ ನನ್ನ ಮುಖ ಇರಲಿಲ್ಲ, ಮನೆಯೂ ಇರಲಿಲ್ಲ, ಬರೀ ಕೈ ಮತ್ತು ಚಹಾದ ಲೋಟ. ಹಿಂದೆ ತಂತಿಯ ಮೇಲೆ ಒಣಗುತ್ತಿದ್ದದ್ದು ಅವಳದೇ ಸೀರೆ.